ಪ್ರತಿಮೆಗೆ ಕೆಂಪೇಗೌಡ, ತೊಟ್ಟಿಲಿಗೆ ಯಾರು?



ನಿಮಗೊಂದು ಸಣ್ಣ ಪರೀಕ್ಷೆ. ನಿಮ್ಮ ಕಾಲೇಜಿನಲ್ಲಿ, ನಿಮ್ಮ ಆಫೀಸಿನಲ್ಲಿ, ನಿಮ್ಮ ಮೊಬೈಲ್ ಫೋನಿನ ಪಟ್ಟಿಯಲ್ಲಿ ಇಪ್ಪತ್ತೈದು ವರ್ಷದೊಳಗಿನ ಒಬ್ಬ ಕೆಂಪ ಇದ್ದಾನೆಯೇ? ಒಬ್ಬಳು ಕೆಂಪಮ್ಮ ಇದ್ದಾಳೆಯೇ? ಯೋಚಿಸಿ ಹೇಳಿ. ಒಬ್ಬನಾದರೂ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಮುಂದೆ ಓದಿ.

ಮಾಗಡಿಯ ಕೆಂಪೇಗೌಡರ ಹೆಸರು ಇಂದು ಎಲ್ಲಿಲ್ಲ? 1537ರಲ್ಲಿ ಬೆಂಗಳೂರು ಕಟ್ಟಿದ ಪುಣ್ಯಾತ್ಮ. ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಅವರ ಹೆಸರು, ಅದರ ಪಕ್ಕದ ಮೆಟ್ರೋ ನಿಲ್ದಾಣಕ್ಕೆ ಅವರ ಹೆಸರು, ರಸ್ತೆಗೆ, ಬಡಾವಣೆಗೆ ಅವರ ಹೆಸರು. 2013ರಲ್ಲಿ ವಿಮಾನ ನಿಲ್ದಾಣಕ್ಕೂ ಆ ಹೆಸರು ಬಂತು. 2022ರ ನವೆಂಬರ್ 11ರಂದು ಅದೇ ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿಯ ಪ್ರತಿಮೆಯೂ ಎದ್ದು ನಿಂತಿತು. ಜೂನ್ 27 ಬಂದರೆ ಜಯಂತಿ, ಮೆರವಣಿಗೆ, ಬ್ಯಾನರು, ಹಾರ. ಎಲ್ಲವೂ ಸರಿ, ಆಗಲೇಬೇಕಾದದ್ದು. ಕನ್ನಡಿಗರು ಕೂಗಿ ಕೂಗಿ ಪಡೆದದ್ದು.

ಆದರೆ ಆ ಮೆರವಣಿಗೆಯಲ್ಲಿ ಜೈಕಾರ ಹಾಕಿದ ಎಷ್ಟು ಜನ ತಮ್ಮ ಮನೆಯ ಕೂಸಿಗೆ ಕೆಂಪ ಎಂದು ಹೆಸರಿಟ್ಟಿದ್ದಾರೆ? ಕಲ್ಲಿಗೆ, ಕಂಚಿಗೆ, ಕಾಂಕ್ರೀಟಿಗೆ ಆಗುವ ಹೆಸರು ರಕ್ತ ಮಾಂಸದ ಮಗುವಿಗೆ ಏಕೆ ಆಗುವುದಿಲ್ಲ?

ನಾನು ಪ್ರೆಸ್ಸು ನಡೆಸುವವನು. ದೊಡ್ಡ ಪದವಿ ಓದಿದವನಲ್ಲ, ಪಿಯುಸಿಗೆ ನಿಲ್ಲಿಸಿದವನು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಜನರ ಹೆಸರು ನನ್ನ ಕಣ್ಣ ಮುಂದೆ ದಿನಾ ಹಾದು ಹೋಗುತ್ತವೆ. ಲಗ್ನಪತ್ರಿಕೆ ನಾವೇ ಅಚ್ಚು ಹಾಕುತ್ತೇವೆ, ನಾಮಕರಣದ ಕಾರ್ಡು ನಾವೇ ಹಾಕುತ್ತೇವೆ, ತಿಥಿ ಕಾರ್ಡೂ ನಾವೇ ಹಾಕುತ್ತೇವೆ. ಲಗ್ನಪತ್ರಿಕೆಯ ತಲೆಯಲ್ಲಿ ನೋಡಿ: ಶ್ರೀಮತಿ ಕೆಂಪಮ್ಮ ಮತ್ತು ದಿವಂಗತ ಕೆಂಪಯ್ಯನವರ ಮೊಮ್ಮಗ. ಅಲ್ಲಿಂದ ಎರಡು ಸಾಲು ಕೆಳಗೆ ಬನ್ನಿ, ಮೊಮ್ಮಗನ ಹೆಸರು ಯಾವ ಊರಿನದು, ಯಾವ ಭಾಷೆಯದು ಎಂದು ತಿಳಿಯುವುದಿಲ್ಲ. ಒಂದೇ ಕಾರ್ಡಿನಲ್ಲಿ ಎರಡು ಲೋಕ! ಕೆಂಪಮ್ಮನ ಹೆಸರು ತಿಥಿ ಕಾರ್ಡಿನಲ್ಲಿ ಹೋಗುತ್ತಿದೆ, ನಾಮಕರಣದ ಕಾರ್ಡಿನಲ್ಲಿ ಬರುತ್ತಿಲ್ಲ. ಜಮಾ ಇಲ್ಲದೆ ಬರೀ ಖರ್ಚು. ಈ ಲೆಕ್ಕ ಎಷ್ಟು ದಿನ ನಡೆದೀತು, ನೀವೇ ಹೇಳಿ.

ಈ ಹೆಸರು ಎಲ್ಲಿಂದ ಬಂತು? ನಮ್ಮ ಕಡೆ ಬೆಳ್ಳಗಿರುವ ಮಗುವನ್ನು ನೋಡಿ 'ಎಷ್ಟು ಕೆಂಪಗಿದೆ' ಎನ್ನುತ್ತಾರೆ. ಹಾಗೆ ಮೈಬಣ್ಣದಿಂದ ಬಂದ ಕೆಂಪ ಒಬ್ಬ. ಊರ ದೇವತೆ ಕೆಂಪಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಕೆಂಪ ಇನ್ನೊಬ್ಬ. ಇನ್ನು ಕೆಂಪು ಎಂದರೆ ಬರೀ ಬಣ್ಣವಲ್ಲ, ಕೆಂಪು ಎಂದರೆ ಮಾಣಿಕ್ಯ, ರತ್ನ. ಅಜ್ಜಿಯರ ಕಿವಿಯಲ್ಲಿ ಹೊಳೆಯುತ್ತಿದ್ದದ್ದು ಕೆಂಪಿನ ಓಲೆ. ಅಂದ ಮೇಲೆ ಕೆಂಪಮ್ಮ ಎಂದರೆ ಏನಾಯಿತು? ರತ್ನಮ್ಮ ಆಯಿತು! ಅಷ್ಟು ದೂರ ಹೋಗಿ 'ರೂಬಿ' ಎಂದು ಹೆಸರಿಡುವವರಿಗೆ ಮನೆಯೊಳಗಿನ ಕೆಂಪು ಕಾಣಿಸಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಲೋಹಿತ್ ಎಂಬ ಹೆಸರು ಚೆನ್ನಾಗಿದೆ ಅಲ್ಲವೇ? ನಮ್ಮೆಲ್ಲರ ಪ್ರೀತಿಯ ಪುನೀತ್ ರಾಜ್‌ಕುಮಾರ್ ಅವರ ಹುಟ್ಟು ಹೆಸರೂ ಅದೇ. ರೋಹಿತ್ ಎಂಬ ಹೆಸರು ಬೀದಿಗೊಂದು ಸಿಗುತ್ತದೆ. ಅರುಣ್ ಅಂತೂ ಮನೆಗೊಬ್ಬ. ಸಂಸ್ಕೃತ ನಿಘಂಟು ತೆಗೆದು ನೋಡಿ. ಲೋಹಿತ ಎಂದರೆ ಕೆಂಪು. ರೋಹಿತ ಎಂದರೆ ಕೆಂಪು. ಅರುಣ ಎಂದರೂ ಕೆಂಪು. ಅರ್ಥದಲ್ಲಿ ಮೂವರೂ ಕೆಂಪಯ್ಯನ ಮೊಮ್ಮಕ್ಕಳೇ! ಆ ಹೆಸರುಗಳ ಮೇಲೆ ನಮಗೆ ಸಿಟ್ಟಿಲ್ಲ. ಅದೇ ಅರ್ಥ ಕನ್ನಡದಲ್ಲಿ ಬಂದ ಕೂಡಲೇ ಮೂಗು ಮುರಿಯುತ್ತೀರಲ್ಲ, ಅದರ ಮೇಲೆ ಸಿಟ್ಟು.

ಭಾಷೆಯ ದೃಷ್ಟಿಯಿಂದಲೂ ಈ ಹೆಸರು ಸಾಮಾನ್ಯವಲ್ಲ. ನಾವು ಕಿವಿ ಎನ್ನುತ್ತೇವೆ, ತೆಲುಗರು ಚೆವಿ ಎನ್ನುತ್ತಾರೆ, ತಮಿಳರು ಸೆವಿ ಎನ್ನುತ್ತಾರೆ. ನಮ್ಮ ಕೆರೆ ತೆಲುಗರಿಗೆ ಚೆರುವು. ನಮ್ಮ ಕೇರಿ ತಮಿಳರಿಗೆ ಚೇರಿ. ಹಾಗೆಯೇ ನಮ್ಮ 'ಕೆಂ' ತಮಿಳಿನಲ್ಲಿ 'ಸೆಂ'. ಮೂಲ ದ್ರಾವಿಡದಲ್ಲಿ ಇದ್ದದ್ದು ಕಕಾರವೇ, ಅದು ಆ ಭಾಷೆಗಳಲ್ಲಿ ಮುಂದೆ ಚಕಾರವಾಯಿತು, ಕನ್ನಡ ಹಳೆಯದನ್ನೇ ಉಳಿಸಿಕೊಂಡಿತು ಎನ್ನುತ್ತಾರೆ ಭಾಷಾ ವಿದ್ವಾಂಸರು. ಇದರಿಂದ ಯಾರ ಭಾಷೆಯೂ ಮೇಲಾಗುವುದಿಲ್ಲ, ಯಾರದೂ ಕೀಳಾಗುವುದಿಲ್ಲ. ಆದರೆ 'ಕೆಂಪಾ' ಎಂದು ಒಮ್ಮೆ ಕೂಗಿದಾಗ ನಿಮ್ಮ ಬಾಯಿಂದ ಬರುವುದು ಸಾವಿರಾರು ವರ್ಷ ಹಳೆಯ ಒಂದು ಶಬ್ದ ಎಂಬುದು ನೆನಪಿರಲಿ.

ಅದೇ 'ಕೆಂ' ನಮ್ಮ ರಾಮನಗರ-ಚನ್ನಪಟ್ಟಣದ ದಾರಿಯಲ್ಲೂ ಇದೆ. ಕೆಂಗಲ್ ಆಂಜನೇಯನಿಗೆ ಕೈ ಮುಗಿಯದೆ ಹೋಗುವ ಬಸ್ಸು ಕಡಿಮೆ. ಕೆಂ ಮತ್ತು ಕಲ್ಲು ಸೇರಿ ಕೆಂಗಲ್, ಕೆಂಪು ಕಲ್ಲು. ತಮಿಳರು ಇಟ್ಟಿಗೆಗೆ ಸೆಂಗಲ್ ಎನ್ನುವುದೂ ಇದೇ ಮಾತು. ಆ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಹನುಮಂತಯ್ಯನವರು 1952ರಲ್ಲಿ ಮುಖ್ಯಮಂತ್ರಿಯಾದರು, ವಿಧಾನಸೌಧ ಕಟ್ಟಿದರು. ಕೆಂಗಲ್ ಎಂಬ ಹಳ್ಳಿ ಮಾತು ಅವರಿಗೆ ಎಲ್ಲೂ ಅಡ್ಡ ಬರಲಿಲ್ಲ. ಅವರನ್ನು ಕಂಡವರಿಗೆ ಆ ಹೆಸರೇ ಗೌರವವಾಯಿತು.

'ಕೆಂಪ ಎನ್ನುವುದು ಹಳ್ಳಿ ಗಮಾರರ ಹೆಸರು' ಎನ್ನುವವರಿಗೆ ಇನ್ನೂ ಕೆಲವು ಮಾತು. ಮೈಸೂರು ಅರಮನೆಯಲ್ಲಿ 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದ ಮಹಾರಾಣಿ, ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ಅವರ ಹೆಸರೇನು? ಕೆಂಪನಂಜಮ್ಮಣ್ಣಿ! ವಾಣಿವಿಲಾಸ ಸನ್ನಿಧಾನ ಎಂಬುದು ಆ ಮಹಾತಾಯಿಯ ಬಿರುದಿನ ಹೆಸರು. 1823ರಲ್ಲಿ 'ಮುದ್ರಾಮಂಜೂಷ' ಎಂಬ ಗದ್ಯ ಬರೆದು ಹೊಸಗನ್ನಡಕ್ಕೆ ದಾರಿ ಮಾಡಿದವರು ಯಾರು? ಕೆಂಪುನಾರಾಯಣ! ದೇವರಾಜ ಅರಸರ ತಮ್ಮ, ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ನಟ, ಕೆಂಪರಾಜ ಅರಸ್! ಅರಮನೆಯಲ್ಲೂ ಇತ್ತು, ಪುಸ್ತಕದಲ್ಲೂ ಇತ್ತು, ಪರದೆಯ ಮೇಲೂ ಇತ್ತು ಈ ಹೆಸರು. ಗುಡಿಸಲಲ್ಲೂ ಇತ್ತು. ಜಾತಿ ಕೇಳದೆ ಎಲ್ಲ ಮನೆಯಲ್ಲೂ ಇದ್ದ ಹೆಸರುಗಳು ಎಷ್ಟಿವೆ ಹೇಳಿ?

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು, ಮುಚ್ಚಿಡಬಾರದು. ಒಂದೇ ಹೆಸರು, ಆದರೆ ಉಳ್ಳವನ ಮನೆಯಲ್ಲಿ ಅದು ಕೆಂಪೇಗೌಡರು, ಕೆಂಪಯ್ಯನವರು. ಕೂಲಿಯವನ ಮನೆಯಲ್ಲಿ ಅದು 'ಲೋ ಕೆಂಪ, ಬಾರ್ಲಾ ಇಲ್ಲಿ'. ಅರವತ್ತು ವರ್ಷದ ಮುದುಕನನ್ನು ಹತ್ತು ವರ್ಷದ ಹುಡುಗ ಹೀಗೆ ಕರೆದ ಕಾಲ ಬಹಳ ಹಿಂದಿನದಲ್ಲ. ಆ ಮುದುಕನ ಮಗ ತನ್ನ ಮಗುವಿಗೆ ಆ ಹೆಸರು ಬೇಡ ಎಂದಿದ್ದರೆ ಅದರಲ್ಲಿ ತಪ್ಪಿಲ್ಲ. ಅವನು ಓಡಿದ್ದು ಕನ್ನಡದಿಂದ ಅಲ್ಲ, ಅವಮಾನದಿಂದ. ಕೆಟ್ಟದ್ದು ಹೆಸರಲ್ಲ, ಕರೆದ ನಾಲಿಗೆ. ಹೆಸರು ಉಳಿಯಬೇಕು ಎನ್ನುವವರು ಮೊದಲು ಎಲ್ಲ ಮನೆಯ ಕೆಂಪನನ್ನೂ ಬಹುವಚನದಲ್ಲಿ ಕರೆಯುವುದನ್ನು ಕಲಿಯಬೇಕು. ಗೌರವ ಕೊಡದೆ ಹೆಸರು ಮಾತ್ರ ಉಳಿಸಿ ಎಂದರೆ ಯಾರು ಕೇಳುತ್ತಾರೆ?

ಆದರೆ ನಗರದಲ್ಲಿ ಓದಿದ ನಿಮಗೆ ಆ ಕಾರಣ ಇದೆಯೇ? ಕೆಂಪರಾಜು ಎಂಬ ಹೆಸರನ್ನು ಕತ್ತರಿಸಿ 'ಕೆ. ರಾಜ್' ಮಾಡಿಕೊಳ್ಳುವುದು ಯಾವ ಅವಮಾನಕ್ಕೆ ಹೆದರಿ? ಆಫೀಸಿನಲ್ಲಿ ಪಕ್ಕದವನು ನಕ್ಕಾನು ಎಂದೇ? ಅವನ ಊರಿನ ಹೆಸರುಗಳನ್ನು ನಾಲಿಗೆ ಹೊರಳಿಸಿ ನಾವು ಕಲಿಯುತ್ತೇವಲ್ಲ, ನಮ್ಮ ಎರಡಕ್ಷರದ ಹೆಸರು ಕಲಿಯಲು ಅವನಿಗೇನು ಕಷ್ಟ? 2011ರಲ್ಲಿ ಸುದೀಪ್ ಅವರ 'ಕೆಂಪೇಗೌಡ' ಸಿನಿಮಾ ಬಂದಾಗ ಪೊಲೀಸ್ ಅಧಿಕಾರಿ ತನ್ನ ಹೆಸರು ಹೇಳಿದರೆ ಥಿಯೇಟರ್ ತುಂಬ ಶಿಳ್ಳೆ. ಕಥೆ ತಮಿಳಿನ 'ಸಿಂಗಂ' ಚಿತ್ರದ್ದು, ಆದರೆ ಶಿಳ್ಳೆ ಬಿದ್ದದ್ದು ನಮ್ಮ ಹೆಸರಿಗೆ. ಶಿಳ್ಳೆ ಹೊಡೆಯಲು ಬೇಕು, ಹಾಜರಿ ಪುಸ್ತಕದಲ್ಲಿ ಬೇಡ. ಇದು ಯಾವ ನ್ಯಾಯ?

ಹೆಸರು ಎಂಬುದು ಸರ್ಕಾರ ಬದಲಿಸುವ ಬೋರ್ಡು ಅಲ್ಲ. ನಮ್ಮ ರಾಮನಗರವನ್ನೇ ನೋಡಿ. ಬ್ರಿಟಿಷರ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಗಿತ್ತು, ಆಮೇಲೆ ರಾಮನಗರ ಆಯಿತು, 2007ರಲ್ಲಿ ಜಿಲ್ಲೆ ಆಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಊರಿನ ಹೆಸರು ವಿಧಾನಸೌಧದಲ್ಲಿ ತೀರ್ಮಾನವಾಗುತ್ತದೆ. ಮಗುವಿನ ಹೆಸರು ಮಾತ್ರ ನಿಮ್ಮ ಮನೆಯ ತೊಟ್ಟಿಲ ಪಕ್ಕದಲ್ಲೇ ತೀರ್ಮಾನವಾಗುತ್ತದೆ. ಅಲ್ಲಿ ಯಾವ ಮಂತ್ರಿಯೂ ಇಲ್ಲ, ಯಾವ ಆದೇಶವೂ ಇಲ್ಲ. ಸೋತರೆ ನಾವೇ ಸೋತಂತೆ.

ಹಾಗಾದರೆ ಏನು ಮಾಡಬೇಕು? ಇಷ್ಟೇ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು ನಿಜ. ಆದರೆ 1969ರ ಕಾನೂನಿನ ಪ್ರಕಾರ ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕವೂ ಇಲ್ಲ. ಆದ್ದರಿಂದ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮೊಬೈಲಿನಲ್ಲಿ ಹೆಸರು ಹುಡುಕುವ ಅವಸರ ಬೇಡ. ಒಂದು ಭಾನುವಾರ ಊರಿಗೆ ಹೋಗಿ. ಮಾಗಡಿಯೋ, ಕನಕಪುರವೋ, ಚನ್ನಪಟ್ಟಣವೋ, ಅಜ್ಜಿಯ ಪಕ್ಕ ಕುಳಿತು ಮೂರು ತಲೆಮಾರಿನ ಹೆಸರು ಬರೆಸಿಕೊಳ್ಳಿ. ಕೆಂಪಯ್ಯ, ಕಬ್ಬಾಳಯ್ಯ, ಕಾಳಮ್ಮ, ಸಿದ್ದಮ್ಮ ಎಲ್ಲರೂ ಬರುತ್ತಾರೆ. ಅದರಲ್ಲಿ ಒಂದನ್ನು ಆರಿಸಿ. ಪೂರ್ತಿ ಇಡಲು ಧೈರ್ಯ ಸಾಲದಿದ್ದರೆ ಕೆಂಪರಾಜ ಎನ್ನಿ, ಕೆಂಪಾಂಬೆ ಎನ್ನಿ. ಈಗಾಗಲೇ ಆ ಹೆಸರು ಹೊತ್ತವರು ಅದನ್ನು ಇನ್ನು ಮುಂದೆ ಕತ್ತರಿಸಬೇಡಿ. ಪೂರ್ತಿ ಬರೆಯಿರಿ, ಕನ್ನಡದಲ್ಲಿ ರುಜು ಹಾಕಿ.

2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಪತ್ತೆಯಾಯಿತು. ನಾಡು ಕಟ್ಟಿದವನ ಸಮಾಧಿಯನ್ನೇ ಇಷ್ಟು ಕಾಲ ಮರೆತಿದ್ದ ಜನ ನಾವು. ಆ ಊರು ಮಾತ್ರ ತನ್ನ ಹೆಸರಿನಲ್ಲಿ ಅವರನ್ನು ಉಳಿಸಿಕೊಂಡಿತ್ತು.

ಪ್ರತಿಮೆ ನಿಲ್ಲಿಸಲು ಸರ್ಕಾರ ಬೇಕು, ಕೋಟಿ ಬೇಕು. ಹೆಸರು ಉಳಿಸಲು ಒಂದು ಮಗು ಸಾಕು. ಮುಂದಿನ ನಾಮಕರಣದ ಕಾರ್ಡು ಯಾರದು ಗೆಳೆಯರೇ?