ರಾಶಿಯೆಂಬ ಪದದ ತೂಕ

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಕನ್ನಡ ಒಕ್ಕಲುಮನೆಗಳಲ್ಲಿ ರಾಶಿಯೆಂದರೆ ಕಣದಲ್ಲಿ ತೂರಿ ಗುಡ್ಡೆಹಾಕಿದ ರಾಗಿ. ಕನ್ನಡ ಪಠ್ಯದ 'ಪರಮಾಣು ರಾಶಿ'ಯನ್ನು ಅಲ್ಲಿನ ಮಗು ಪರಮಾಣುಗಳ ಗುಡ್ಡೆಯೆಂದು ತಿಳಿದರೆ ತಪ್ಪು ಮಗುವಿನದಲ್ಲ. ತಮಿಳು ಪಠ್ಯದಲ್ಲಿ ಇದು 'ಅಣು ನಿರೈ'. ಹಳಗನ್ನಡದ 'ನೆಱೆ'ಗೆ ಆ ನಿರೈ ಒಡಹುಟ್ಟು. ಮರಾಠಿಯ 'ವಸ್ತುಮಾನ' ಇನ್ನೂ ನೇರ.

ಆದರೂ ರಾಶಿಯನ್ನು ಕೈಬಿಡಬೇಕಿಲ್ಲ. ಕಾರ್ಬನ್-12ರ ಒಂದು ಪರಮಾಣುವಿನ ಹನ್ನೆರಡನೆಯ ಒಂದು ಪಾಲನ್ನು ಅಳತೆಯಾಗಿ ಹಿಡಿದರೆ ಕ್ಲೋರಿನ್ನಿನ ಪರಮಾಣು ರಾಶಿ 35.45. ಅಷ್ಟು ತೂಗುವ ಕ್ಲೋರಿನ್ ಪರಮಾಣು ನಿಸರ್ಗದಲ್ಲಿ ಒಂದೂ ಇಲ್ಲ! ಇರುವುದು ಎರಡು ಬಗೆ: ನೂರರಲ್ಲಿ ಸುಮಾರು 76 ಪರಮಾಣುಗಳು 34.97ರವು, ಉಳಿದ 24 ಪರಮಾಣುಗಳು 36.97ರವು. ತೂಕವನ್ನು ಎಣಿಕೆಯಿಂದ ಗುಣಿಸಿ, ಕೂಡಿ, ನೂರರಿಂದ ಭಾಗಿಸಿದರೆ 35.45 ದೊರೆಯುತ್ತದೆ. ಗಟ್ಟಿಕಾಳು, ಹಗುರಕಾಳು ಬೆರೆತ ರಾಗಿರಾಶಿಯಲ್ಲಿ ಒಂದು ಕಾಳಿನ ಸರಾಸರಿ ತೂಕ ಕಾಣುವ ಲೆಕ್ಕವೂ ಇದೇ.

ಪದದಲ್ಲಿ ಕೊರತೆಯಾಗಿರುವುದು 'ಸರಾಸರಿ'ಯೊಂದೇ. ಪಠ್ಯಕಾರರು 'ಸರಾಸರಿ ಪರಮಾಣು ರಾಶಿ' ಎಂದೇ ಬರೆಯಬೇಕು. ಇಂಥ ಪದಗಳ ಪರೀಕ್ಷೆಯನ್ನು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ರಸಾಯನಶಾಸ್ತ್ರ ವಿಭಾಗಕ್ಕೆ ಬಿಟ್ಟು ಸುಮ್ಮನಿರುವುದು ಸಲ್ಲದು.