ಬುದ್ಧಿವಾದ ಆಮೇಲೆ, ಮೊದಲು ದೂರು ಬರೆದುಕೊಳ್ಳಿ

“ಒಟಿಪಿ ಯಾಕಮ್ಮ ಕೊಟ್ಟೆ?” ಖಾತೆ ಖಾಲಿಯಾದವರನ್ನು ಎಲ್ಲರೂ ಮೊದಲು ಕೇಳುವುದು ಇದನ್ನೇ. ದುಡ್ಡು ಹೋಗಿ ಎಷ್ಟು ಹೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ.

ಪಿಎಂ ಕಿಸಾನ್ ಹೆಸರಿನ ಮೋಸವನ್ನೇ ನೋಡಿ. ವಾಟ್ಸ್ಆ್ಯಪ್‌ಗೆ ಒಂದು ಎಪಿಕೆ ಫೈಲ್ ಬರುತ್ತದೆ: ‘ಇ-ಕೆವೈಸಿ ಮಾಡಿಸದಿದ್ದರೆ ಕಂತು ನಿಲ್ಲುತ್ತದೆ.’ ಒತ್ತಿದರೆ ಆ್ಯಪ್ ಕೂರುತ್ತದೆ, ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು, ಬ್ಯಾಂಕಿನ ಒಟಿಪಿ ನೇರ ಕಳ್ಳನ ಕೈಗೆ. ಇಲ್ಲಿ ಯಾರೂ ಬಾಯಿಬಿಟ್ಟು ಒಟಿಪಿ ಹೇಳಿರುವುದೇ ಇಲ್ಲ! ಇ-ಕೆವೈಸಿ ಕಡ್ಡಾಯವೆಂದದ್ದು ಸರ್ಕಾರವೇ. 2,000 ರೂಪಾಯಿ ಕಂತಿಗೆ ಕಾಯುತ್ತಿರುವ ಶ್ರೀನಿವಾಸಪುರದ ಮಾವು ಬೆಳೆಗಾರ ಅದನ್ನು ನಂಬಿದರೆ ದಡ್ಡನೆನ್ನುವುದು ಅನ್ಯಾಯ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಯಾವ ಇಲಾಖೆಯ ಹೆಸರಲ್ಲಿದ್ದರೂ ಮುಟ್ಟಬಾರದೆಂದು ಅವನ ಹಳ್ಳಿಗೆ ಹೋಗಿ, ಅವನ ಭಾಷೆಯಲ್ಲಿ ಹೇಳಬೇಕಾದದ್ದು ಇಲಾಖೆಯ ಕೆಲಸ.

ಇಲ್ಲಿ ನಿಮಿಷಗಳೇ ದುಡ್ಡು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋದರೆ ಹಣ ಸೇರಿದ ಖಾತೆಯ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯಬಹುದು. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ಇದನ್ನು ಶಾಖೆಗಳ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು.

ಹೀಗಿರುವಾಗ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆಯಿಂದ ಠಾಣೆಗೆ ಬಂದವರಿಗೆ ‘ಕೋಲಾರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ’ ಎನ್ನುವುದೆಂದರೆ ಬಸ್ಸು ಹತ್ತಿಸಿ ದುಡ್ಡು ಬಿಟ್ಟುಕೊಡುವುದೇ. ಸೈಬರ್ ಪ್ರಕರಣದ ತನಿಖೆಯನ್ನು ಇನ್ಸ್‌ಪೆಕ್ಟರ್ ಮಟ್ಟದವರೇ ಮಾಡಬೇಕೆಂದು ಐಟಿ ಕಾಯ್ದೆ ಹೇಳುವುದು ನಿಜ. ಆದರೆ ತನಿಖೆ ಬೇರೆ, ದೂರು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂಬ ಉತ್ತರಕ್ಕೆ ಈಗ ಆಧಾರವಿಲ್ಲ.

1930ರವರು ಖಾತೆ ನಂಬರು, ವಹಿವಾಟಿನ ಸಂಖ್ಯೆ, ಹಣ ಹೋದ ಸಮಯ ಕೇಳುತ್ತಾರೆ. ಕೈ ನಡುಗುತ್ತಿರುವವರಿಗೆ ಇಂಗ್ಲಿಷ್ ಎಸ್ಸೆಮ್ಮೆಸ್‌ನಲ್ಲಿ ಅದನ್ನು ಹುಡುಕಲಾಗದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಠಾಣೆಗಳಲ್ಲಿ ರಾತ್ರಿ ಪಾಳಿಯಲ್ಲೂ ಒಬ್ಬರು, ಕನ್ನಡ–ತೆಲುಗು ಎರಡೂ ಬಲ್ಲವರು, ಅದನ್ನು ಹುಡುಕಿ, ಕರೆ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಟ್ಟು ಕಳುಹಿಸಬೇಕು. ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಕಟ್ಟಡವೂ ಬೇಡ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಒಂದು ಆದೇಶ ಸಾಕು.