ಒಣಕಸಕ್ಕೆ ಮನೆಯಲ್ಲಿ ಜಾಗ ಇಲ್ಲವೇ?

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಮ್ಮ ಗೇಟಿನ ಎದುರೇ ಕಸ ಎತ್ತಲು ಬಂದ ಹೆಂಗಸಿನ ಕೈ ಕುಯ್ದು ರಕ್ತ ಬಂತು. ಚೀಲ ನಮ್ಮ ಮನೆಯದ್ದೇ. ಹಿಂದಿನ ರಾತ್ರಿ ಒಡೆದ ಚಾ ಗ್ಲಾಸನ್ನು ಮೀನಿನ ಮುಳ್ಳು, ಉಳಿದ ಅನ್ನ, ಹಾಲಿನ ಪ್ಯಾಕೆಟಿನ ಜೊತೆ ಒಂದೇ ಕವರಿಗೆ ತುಂಬಿ ಬಾಯಿ ಕಟ್ಟಿ ಇಟ್ಟವರು ನಾವು. ಆಕೆ ಬೈಯಲಿಲ್ಲ. ನಾವು ತಂದುಕೊಟ್ಟ ಬಟ್ಟೆಯನ್ನು ಕೈಗೆ ಸುತ್ತಿಕೊಂಡು, ಉಳಿದ ಕಸವನ್ನೂ ಗಾಡಿಗೆ ಹಾಕಿ, ‘ಗ್ಲಾಸ್ ಇದ್ರೆ ಬೇರೆ ಇಡಿ ಉಸ್ತಾದ್ರೇ’ ಅಂತ ಅಷ್ಟೇ ಹೇಳಿ ಮುಂದಿನ ಮನೆಗೆ ಹೋದರು. ದಾರಿಯಲ್ಲಿರುವ ತೊಂದರೆಯನ್ನು ತೆಗೆಯುವುದೂ ಸದಕ ಎಂದು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುವವರು ನಾವು. ಆ ದಿನ ಆ ಪಾಠ ಎತ್ತಲು ನಮಗೆ ಮುಖ ಇರಲಿಲ್ಲ.

ಕಸ ಬೇರೆ ಮಾಡಿ ಎನ್ನುವುದು ಹೊಸ ಮಾತೇನಲ್ಲ. ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮನೆಯಲ್ಲೇ ವಿಂಗಡಿಸಬೇಕೆಂಬ ನಿಯಮ 2016ರಲ್ಲೇ ಬಂದಿದೆ. ಆದರೆ ಯಾರಲ್ಲಿ ಕೇಳಿದರೂ ಒಂದೇ ಉತ್ತರ: ‘ಜಾಗ ಎಲ್ಲುಂಟು?’ ಇದು ಪೂರ್ತಿ ಸುಳ್ಳಲ್ಲ. ಬಂದರು, ಕಂದಕ, ಕುದ್ರೋಳಿ ಬದಿಯ ಓಣಿ ಮನೆಗಳನ್ನು ನೋಡಿದವರಿಗೆ ಗೊತ್ತು. ಒಂದು ಕೋಣೆ, ಒಂದು ಅಡಿಗೆಮನೆ, ಅದರಲ್ಲೇ ಉಮ್ಮನ ಬೀಡಿ ತಡ್ಪೆ, ಮಕ್ಕಳ ಚೀಲ, ನೀರಿನ ಡ್ರಮ್ಮು. ಹಸಿ ಕಸ ಅಂದಂದೇ ಹೋಗ್ತದೆ, ಒಣಕಸಕ್ಕೆ ನಮ್ಮ ಕಡೆ ಶುಕ್ರವಾರ ಒಂದೇ ದಿನ. ಉಳಿದ ದಿನ ಎಲ್ಲಿ ಇಡುವುದು? ನಾವಿರುವುದೂ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಐದು ಜನ.

ಕೈ ಕುಯ್ದ ಆ ದಿನವೇ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಹೊಡೆದು 25 ಕಿಲೋದ ಖಾಲಿ ಅಕ್ಕಿ ಚೀಲ ನೇತು ಹಾಕಿದೆವು. ಮೂರೇ ದಿನದಲ್ಲಿ ಚೀಲ ತುಂಬಿತು. ವಾಸನೆ ಬಂತು, ಇರುವೆ ಬಂತು. ‘ನಿಮ್ಮ ಕಸದ ಪಾಠ ಮದ್ರಸದಲ್ಲೇ ಇರ್ಲಿ’ ಅಂತ ನಮ್ಮ ಮನೆಯಾಕೆ ಹೇಳಿಯೂ ಆಯಿತು. ಚೀಲ ಸುರಿದು ನೋಡಿದಾಗ ವಿಷಯ ಗೊತ್ತಾಯಿತು. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದು ಗಾಳಿ. ಉಬ್ಬಿದ ಬಾಟ್ಲಿ, ಮಡಚದ ರಟ್ಟಿನ ಪೆಟ್ಟಿಗೆ. ವಾಸನೆ ಬಂದದ್ದು ಎರಡೇ ವಸ್ತುವಿನಿಂದ, ಬಂಗುಡೆ ತಂದ ಕವರು ಮತ್ತು ತೊಳೆಯದ ಹಾಲಿನ ಪ್ಯಾಕೆಟು.

ಈಗ ನಾವು ಮಾಡುವುದು ಇಷ್ಟು. ಹಾಲಿನ ಪ್ಯಾಕೆಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುವುದಿಲ್ಲ, ತುಂಡು ಪ್ಯಾಕೆಟಿಗೇ ಅಂಟಿಕೊಂಡಿರುವಂತೆ ಬಿಡುತ್ತೇವೆ. ಆ ಚಿಕ್ಕ ತುಂಡುಗಳನ್ನು ಯಾರೂ ಹೆಕ್ಕುವುದಿಲ್ಲ, ಕೊನೆಗೆ ಚರಂಡಿಯಲ್ಲೇ ಸಿಗುವುದು. ಪ್ಯಾಕೆಟು, ಮೀನಿನ ಕವರು ಎಲ್ಲ ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ, ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಇನ್ನೊಮ್ಮೆ. ಅದಕ್ಕಾಗಿ ನಳ್ಳಿ ಬಿಡಬೇಕೆಂದಿಲ್ಲ. ಮತ್ತೆ ಬಟ್ಟೆ ಹಗ್ಗದಲ್ಲಿ ಕ್ಲಿಪ್ಪು ಹಾಕಿ ಒಣಗಿಸುವುದು. ಬಾಟ್ಲಿಯನ್ನು ಹಿಂಡಿ ಚಪ್ಪಟೆ ಮಾಡಿ ಮುಚ್ಚಳ ಹಾಕುವುದು. ರಟ್ಟನ್ನು ಬಿಡಿಸಿ ಮಂಚದ ಅಡಿಗೆ ಸರಿಸಿದರೆ ಅದು ಅಲ್ಲಿ ಉಂಟೆಂದೇ ಗೊತ್ತಾಗುವುದಿಲ್ಲ. ಒಡೆದ ಗಾಜು ದಪ್ಪ ಪೇಪರಿನಲ್ಲಿ ಸುತ್ತಿ ಬೇರೆ, ಕೈಗೇ ಕೊಟ್ಟು ‘ಗಾಜು’ ಅಂತ ಬಾಯಲ್ಲಿ ಹೇಳುವುದು. ಮಕ್ಕಳ ಡೈಪರ್, ಪ್ಯಾಡ್ ಪೇಪರಿನಲ್ಲಿ ಸುತ್ತಿ ಬೇರೆ. ಹಳೆ ಸೆಲ್ಲು, ಬಲ್ಬು, ಅವಧಿ ಮುಗಿದ ಮಾತ್ರೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿ. ಐದು ಜನರ ಒಂದು ವಾರದ ಒಣಕಸ ಈಗ ಅರ್ಧ ಚೀಲವೂ ಆಗುವುದಿಲ್ಲ. ಗಲ್ಫಿನಿಂದ ಬಂದ ಖಾಲಿ ಕಾರ್ಟನನ್ನು ಹತ್ತು ವರ್ಷ ಅಟ್ಟದಲ್ಲಿ ಜೋಪಾನ ಮಾಡುವ ನಮಗೆ ವಾರದಲ್ಲಿ ಆರು ದಿನ ಅರ್ಧ ಚೀಲಕ್ಕೆ ಜಾಗ ಇಲ್ಲ ಅನ್ನುವುದು ಸ್ವಲ್ಪ ತಮಾಷೆಯೇ.

ನಮ್ಮೂರಲ್ಲಿ ಒಂದು ಎಚ್ಚರ ಹೆಚ್ಚು ಬೇಕು, ಅದು ಮಳೆ. ಜಾಗ ಇಲ್ಲವೆಂದು ಬಾಟ್ಲಿ, ತೆಂಗಿನ ಚಿಪ್ಪು, ಖಾಲಿ ಡಬ್ಬಿಗಳನ್ನು ಸಿಟೌಟಿನ ಹೊರಗೆ, ಟೆರೇಸಿನ ಮೂಲೆಗೆ ದೂಡುತ್ತೇವೆ. ಅದರಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಒಂದೂವರೆ ವಾರ ಸಾಕು. ಮಂಗಳೂರಿಗೆ ಮಲೇರಿಯಾ, ಡೆಂಗಿ ಏನೆಂದು ಹೇಳಿಕೊಡಬೇಕಾಗಿಲ್ಲ. ಹೊರಗೆ ಇಡಲೇಬೇಕಾದರೆ ಬಾಯಿ ಕೆಳಗೆ ಮಾಡಿ, ಮಾಡಿನಡಿ ಇಡಿ. ಪೇಪರ್ ಮಾತ್ರ ಒಳಗೇ ಇರಲಿ, ಒದ್ದೆಯಾದ ಪೇಪರನ್ನು ಗುಜರಿಯವರೂ ಮುಟ್ಟುವುದಿಲ್ಲ.

ಗುಜರಿಯ ಮಾತು ಬಂತಲ್ಲ, ನಿಜವಾಗಿ ನಮಗೆ ಹೇಳಬೇಕಾದ್ದು ಅದನ್ನೇ. ಕರಾವಳಿಯಲ್ಲಿ ಗುಜರಿ ಕೆಲಸದಿಂದ ಬದುಕಿದ ಬ್ಯಾರಿ ಮನೆಗಳು ಎಷ್ಟುಂಟು! ಕೈಗಾಡಿ ದೂಡಿ ಶುರು ಮಾಡಿ ಮಕ್ಕಳನ್ನು ಇಂಜಿನಿಯರ್ ಮಾಡಿದವರು ನಮ್ಮಲ್ಲಿದ್ದಾರೆ. ಮರುಬಳಕೆ, ಪರಿಸರ ಎಂದು ಈಗ ದೊಡ್ಡ ದೊಡ್ಡ ಸಭೆಯಲ್ಲಿ ಹೇಳುವುದನ್ನು ಅವರು ಹೆಸರಿಲ್ಲದೆ ಮಾಡಿಕೊಂಡು ಬಂದರು. ಆದರೆ ಮಸೀದಿಯಲ್ಲಿ ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ನಾವೇ, ಸಂಬಂಧ ನೋಡುವಾಗ ‘ಹುಡುಗನ ಬಾಪ ಗುಜರಿ ಅಲ್ವಾ’ ಅಂತ ಮುಖ ತಿರುಗಿಸುತ್ತೇವೆ. ನಮ್ಮ ಮದ್ರಸದಲ್ಲಿ ಒಬ್ಬ ಹುಡುಗನಿಗೆ ಮಕ್ಕಳು ಅದೇ ಹೆಸರಿಟ್ಟು ಕರೆದು, ಅವನು ನಾಲ್ಕು ದಿನ ಬರಲೇ ಇಲ್ಲ. ಕರೆಯಲು ಅವನ ಮನೆಗೆ ಹೋದಾಗ ಬಾಪ ಅಂಗಳದಲ್ಲಿ ರಟ್ಟು ಬೇರೆ, ಕಬ್ಬಿಣ ಬೇರೆ, ಗಟ್ಟಿ ಪ್ಲಾಸ್ಟಿಕ್ ಬೇರೆ ಮಾಡುತ್ತಾ ಕೂತಿದ್ದರು. ‘ಬಿರಿಯಾನಿ ಅಂಟಿದ ಬಾಕ್ಸ್ ಯಾರೂ ತೆಗೊಳ್ಳುದಿಲ್ಲ ಉಸ್ತಾದೇ. ತೊಳೆದು ಕೊಟ್ರೆ ಅದೇ ಬಾಕ್ಸಿಗೆ ದುಡ್ಡುಂಟು’ ಎಂದರು. ಮಗನ ವಿಷಯ ಅವರು ಎತ್ತಲಿಲ್ಲ, ನಾವೇ ಎತ್ತಿದೆವು.

ನಾವು ಬೇರೆ ಮಾಡದೆ ಕೊಟ್ಟದ್ದೆಲ್ಲ ಎಲ್ಲಿ ಹೋಗ್ತದೆ? 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂದದ್ದನ್ನು ಎಲ್ಲರೂ ನೋಡಿದ್ದೇವೆ. ಅಡಿಕೆ, ತೆಂಗಿನ ಮರಗಳು ಕಸದಲ್ಲಿ ಹೂತು ಹೋದವು, ಜನ ಮನೆ ಬಿಟ್ಟು ಹೊರಡಬೇಕಾಯಿತು. ಅದರಲ್ಲಿ ನಮ್ಮ ಮನೆಯ ಕವರು ಇರಲಿಲ್ಲವೆಂದು ನಾವು ಯಾರೂ ಹೇಳುವಂತಿಲ್ಲ.

ಹಾಗಿದ್ದೂ ನಿಜವಾಗಿ ಒಂದು ಚೀಲಕ್ಕೂ ಜಾಗ ಇಲ್ಲದ ಮನೆಗಳುಂಟು. ಅಂಥವರಿಗಾಗಿ ಮದ್ರಸದ ಮೆಟ್ಟಿಲ ಅಡಿಯ ಖಾಲಿ ಜಾಗದಲ್ಲಿ ಎರಡು ಚೀಲ ಇಡೋಣ, ತೊಳೆದು ಒಣಗಿಸಿದ್ದನ್ನು ಮಾತ್ರ ತೆಗೆದುಕೊಳ್ಳೋಣ, ಗುಜರಿಗೆ ಹಾಕಿ ಬಂದ ಹಣವನ್ನು ಮಕ್ಕಳ ಪುಸ್ತಕಕ್ಕೆ ಬಳಸೋಣ ಎಂದು ಕಮಿಟಿಯಲ್ಲಿ ಕೇಳಿದೆವು. ‘ಮಸೀದಿ ಆವರಣದಲ್ಲಿ ಕಸವಾ ಉಸ್ತಾದೇ?’ ಎಂದರು ಒಬ್ಬರು ಹಿರಿಯರು. ಅವರ ಅಳುಕು ನಮಗೆ ಅರ್ಥವಾಗ್ತದೆ. ಆದರೆ ನಜಸ್ ಬೇರೆ, ಹಳೆ ವಸ್ತು ಬೇರೆ. ಡೈಪರ್ ಆವರಣಕ್ಕೆ ಬರಬಾರದು, ಸರಿ. ತೊಳೆದ ಹಾಲಿನ ಪ್ಯಾಕೆಟಿನಲ್ಲಿ, ಬಿಡಿಸಿದ ರಟ್ಟಿನಲ್ಲಿ ನಜಸ್ ಎಲ್ಲಿಂದ ಬಂತು? ರಂಝಾನಿನಲ್ಲಿ ಇಫ್ತಾರ್ ಆದ ಮೇಲೆ ಅದೇ ಆವರಣದಲ್ಲಿ ನೀರಿನ ಬಾಟ್ಲಿ, ಪೇಪರ್ ಕಪ್ಪು, ಹಣ್ಣಿನ ಸಿಪ್ಪೆ ಎಲ್ಲ ಒಂದೇ ಡ್ರಮ್ಮಿಗೆ ಬೀಳುವಾಗ ಯಾರೂ ಕೇಳಲಿಲ್ಲ.

ಕಮಿಟಿ ಇನ್ನೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಹೇಳಲಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ. ಅಲ್ಲಿಯವರೆಗೆ ಪಕ್ಕದ ಎರಡು ಮನೆಯ ಚೀಲವೂ ನಮ್ಮ ಬಾಗಿಲ ಹಿಂದೆಯೇ ಉಂಟು. ಅದಕ್ಕೆಂದು ಇನ್ನೆರಡು ಮೊಳೆ ಹೊಡೆದದ್ದು ನಮ್ಮ ಮನೆಯಾಕೆ.